ಬೆಂಚಿನಲ್ಲಿರುವ ಕೋಚ್ ಎದ್ದು ನಿಲ್ಲಬೇಕು

ಮಾನ್ಯರೇ,

ಬಳ್ಳಾರಿ, ಕೊಪ್ಪಳ ಭಾಗದ ಅಂತರ ಕಾಲೇಜು ಕಬಡ್ಡಿಯಲ್ಲಿ ಹೆಚ್ಚಿನ ಜಗಳ ಹುಟ್ಟುವುದು ಲಾಬಿಯಲ್ಲಿ, ಅಂದರೆ ಅಂಕಣದ ಎರಡೂ ಬದಿಯ ಪಟ್ಟಿಯಲ್ಲಿ. ಎದುರಾಳಿಯ ಸ್ಪರ್ಶವಾದರೆ ಮಾತ್ರ ಲಾಬಿ ಅಂಕಣದ ಭಾಗ. ಸ್ಪರ್ಶವಿಲ್ಲದೆ ಅಲ್ಲಿ ಕಾಲಿಟ್ಟ ರೈಡರ್ ಔಟ್. ಬೆರಳ ತುದಿಯ ಸ್ಪರ್ಶ ದೂರ ನಿಂತ ಸಹಪಾಠಿಗಳಿಗೆ ಕಾಣದು, ಅವರಿಗೆ ಅಂಪೈರ್ ತೀರ್ಪು ಮೋಸ ಅನ್ನಿಸುತ್ತದೆ. ಅಷ್ಟರಲ್ಲಿ ಆಟಗಾರರೆಲ್ಲ ಅಂಪೈರ್‌ರನ್ನು ಮುತ್ತಿದರೆ ಗುಂಪು ಗೆರೆ ದಾಟಿ ನುಗ್ಗುತ್ತದೆ.

ಇದನ್ನು ತಡೆಯಬೇಕಾದವರು ಪೊಲೀಸರಲ್ಲ, ಕೋಚ್. ನಾಯಕನ ಹೊರತು ಯಾರೂ ಅಂಪೈರ್ ಜೊತೆ ಮಾತಾಡಕೂಡದು ಎಂಬುದನ್ನು ಅಭ್ಯಾಸದಲ್ಲೇ ರೂಢಿಸಬೇಕು. ತಂಡದಲ್ಲಿ ಬದಲಿ ಆಟಗಾರರಿರುವುದು ಗಾಯಕ್ಕಷ್ಟೇ ಅಲ್ಲ. ಸಿಟ್ಟಿಗೆದ್ದವನನ್ನು ಕಾರ್ಡ್ ಬೀಳುವ ಮೊದಲೇ ಕೂರಿಸಬಹುದು. ಹಸಿರು ಕಾರ್ಡ್ ಎಚ್ಚರಿಕೆ, ಹಳದಿಗೆ 2 ನಿಮಿಷ ಹೊರಗೆ, ಕೆಂಪಿಗೆ ಪಂದ್ಯದಿಂದಲೇ ಹೊರಗೆ. ಆ 2 ನಿಮಿಷ ಎಂದರೆ 30 ಸೆಕೆಂಡಿನ ನಾಲ್ಕು ರೈಡ್, ಅದೂ ಒಬ್ಬ ಕಡಿಮೆಯಾಗಿ! ಕೋಚ್ ತಾವೇ ಅಂಪೈರ್ ಮೇಲೆ ಕೂಗಾಡಿದರೆ ಹುಡುಗರು ಕಲಿಯುವುದೂ ಅದನ್ನೇ.

ಸಂಘಟಕರು ಅಂಕಣದಿಂದ ದೂರದಲ್ಲಿ ಹಗ್ಗ ಕಟ್ಟಿ, ಎರಡೂ ಕಾಲೇಜುಗಳ ಬೆಂಬಲಿಗರನ್ನು ಎದುರುಬದುರು ಕೂರಿಸಲಿ. ಲಾಬಿಯ ತೀರ್ಪಿಗೆ ಕಾರಣವನ್ನು ಮೈಕಿನಲ್ಲಿ ಆಗಲೇ ಹೇಳಲಿ.

– ಕಬಡ್ಡಿ ತರಬೇತುದಾರರು, ಬಳ್ಳಾರಿ