ಹಳ್ಳ ಅಗೆಯುವ ಮುನ್ನ ಮಡು ಗುರುತಿಸಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳ್ಳಗಳಿಗೆ ಜೆಸಿಬಿ, ಹಿಟಾಚಿ ಇಳಿಯುತ್ತವೆ. ಹಳ್ಳದ ಪುನಶ್ಚೇತನ, ನಾಲಾ ಅಗಲೀಕರಣ, ಹೂಳೆತ್ತುವುದು ಎಂದು ಕಾಮಗಾರಿಗೆ ಬೇರೆ ಬೇರೆ ಹೆಸರು. ಮುಗಿದ ಮೇಲೆ ಕಾಣುವುದು ಮಾತ್ರ ಒಂದೇ: ತಳ ಸಪಾಟು, ಎರಡೂ ದಂಡೆ ನೆಟ್ಟಗೆ, ಗಿಡಗಂಟಿ ಇಲ್ಲ, ಕಲ್ಲಿಲ್ಲ. ಮಳೆಗಾಲದಲ್ಲಿ ನೀರು ಸರಾಗವಾಗಿ ಹೋಗುತ್ತದೆ, ನಿಜ. ಆದರೆ ಅಲ್ಲಿ ಮೀನು ನಿಲ್ಲುವುದಿಲ್ಲ, ಮಳೆ ಹಿಂದೆ ಸರಿದ ಮೇಲೆ ನೀರೂ ನಿಲ್ಲುವುದಿಲ್ಲ. ಹೂಳು ತೆಗೆಯುವುದೇ ಬೇಡ ಎಂದು ನಾವು ಹೇಳುತ್ತಿಲ್ಲ. 2019ರ ಆಗಸ್ಟಿನ ಪ್ರವಾಹ ಕಂಡ ಮಲಪ್ರಭೆ, ಘಟಪ್ರಭೆಯ ದಂಡೆಯ ಜನರಿಗೆ ಆ ಮಾತು ಹೇಳುವುದು ಸರಿಯೂ ಅಲ್ಲ. ಎಲ್ಲಿ ತೆಗೆಯಬೇಕು, ಎಲ್ಲಿ ಕೈ ಹಚ್ಚಬಾರದು ಎಂಬುದನ್ನು ಕಾಮಗಾರಿಯ ಅಂದಾಜುಪಟ್ಟಿಯಲ್ಲೇ ಬರೆಯಬೇಕು ಎಂಬುದು ನಮ್ಮ ಒತ್ತಾಯ.

ಇದೇ ತಪ್ಪನ್ನು ನಮಗಿಂತ ದೊಡ್ಡದಾಗಿ ಮಾಡಿ, ಆಮೇಲೆ ತಿದ್ದಿಕೊಳ್ಳಲು ಹೆಣಗಿದ ನಾಡು ಅಮೆರಿಕದ ಆರೆಗನ್ ಮತ್ತು ವಾಷಿಂಗ್ಟನ್ ರಾಜ್ಯಗಳು. ಅಲ್ಲಿ ಸಾಲ್ಮನ್ ಮೀನು ಸಮುದ್ರದಿಂದ ಹೊಳೆ ಏರಿ ಬಂದು, ಬೆಟ್ಟದ ಹಳ್ಳಗಳಲ್ಲಿ ಮೊಟ್ಟೆ ಇಡುತ್ತದೆ. ಹೊಳೆಯಲ್ಲಿ ಬಿದ್ದ ಮರದ ದಿಮ್ಮಿಗಳು ಮೀನಿನ ದಾರಿಗೆ ಅಡ್ಡಿ ಎಂದು ಬಗೆದು, 1950ರಿಂದ 1970ರ ದಶಕದವರೆಗೆ ಅಲ್ಲಿನ ಸರಕಾರಿ ಇಲಾಖೆಗಳು ಅವನ್ನೆಲ್ಲ ಎತ್ತಿಸಿ ಹೊಳೆ 'ಸ್ವಚ್ಛ' ಮಾಡಿಸಿದವು. ದಿಮ್ಮಿ ಹೋದ ಮೇಲೆ ಅದರ ಬುಡದಲ್ಲಿ ನೀರು ಕೊರೆದಿದ್ದ ಮಡು ತುಂಬಿಹೋಯಿತು. ದಿಮ್ಮಿ ತನ್ನ ಬೆನ್ನಿಗೆ ತಡೆದಿಟ್ಟಿದ್ದ ನುರುಜುಗಲ್ಲು ಕೊಚ್ಚಿಹೋಗಿ ಎಷ್ಟೋ ಕಡೆ ಬರೀ ಬಂಡೆ ಉಳಿಯಿತು. ಮರಿಗಳಿಗೆ ಅಡಗಲು ಜಾಗವಿಲ್ಲದಂತಾಯಿತು. 1980ರ ದಶಕದಿಂದ ಅದೇ ಇಲಾಖೆಗಳು ದಿಮ್ಮಿ ಕೊಂಡು ತಂದು, ಕೆಲವೆಡೆ ಹೆಲಿಕಾಪ್ಟರಿನಿಂದ ಇಳಿಸಿ, ಹೊಳೆಗೆ ಮತ್ತೆ ಹಾಕುತ್ತಿವೆ.

ಸಾಲ್ಮನ್ನೂ ಟ್ರೌಟೂ ನಮ್ಮ ಸೀಮೆಯ ನೀರಿನಲ್ಲಿ ಬದುಕುವ ಮೀನಲ್ಲ. ನೀರು 20 ಡಿಗ್ರಿ ದಾಟಿದರೆ ಟ್ರೌಟಿಗೆ ಕಷ್ಟ, 25ರ ಆಚೆ ಜೀವಕ್ಕೇ ಅಪಾಯ. ನಮ್ಮದು ಕೃಷ್ಣಾ ಕೊಳ್ಳದ ದಖ್ಖನ್ ಮಹಶೀರ್ ಮತ್ತು ಅದರ ಜೊತೆಗಾರ ಮೀನುಗಳು. 1839ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಸೈಕ್ಸ್ ಈ ಮಹಶೀರನ್ನು ಮೊದಲು ವಿವರಿಸಿದ್ದು ಪುಣೆಯ ಮುಳಾ–ಮುಠಾ ಹೊಳೆಯಿಂದ. ಆ ನೀರೇ ಭೀಮಾ ಸೇರಿ ವಿಜಯಪುರ ಜಿಲ್ಲೆಯ ಅಂಚಿಗೆ ಬರುತ್ತದೆ. ಮೀನು ಬೇರೆಯಾದರೂ ಅದು ಹಳ್ಳದಿಂದ ಬೇಡುವುದು ಬಹಳ ಬೇರೆಯಲ್ಲ: ಮೊಟ್ಟೆಗೆ ಮಣ್ಣು ಕಟ್ಟದ ಕಲ್ಲು, ದೊಡ್ಡವಕ್ಕೆ ಆಳದ ಮಡು, ಮುಂಗಾರಿನಲ್ಲಿ ಮೇಲೇರಲು ದಾರಿ.

ಕಲ್ಲಿನ ಮಾತು ಮೊದಲು. ಹೆಣ್ಣು ಸಾಲ್ಮನ್ ಬಾಲದಿಂದ ಬಡಿದು ನುರುಜುಗಲ್ಲಿನಲ್ಲಿ ಗುಂಡಿ ತೋಡಿ, ಮೊಟ್ಟೆ ಇಟ್ಟು, ಮೇಲೆ ಕಲ್ಲು ಸರಿಸಿ ಮುಚ್ಚುತ್ತದೆ. ಚಳಿಗಾಲವಿಡೀ ಆ ಮೊಟ್ಟೆಗಳು ಕಲ್ಲಿನ ಸಂದಿಯಲ್ಲಿ ನುಸುಳುವ ನೀರಿನಿಂದಲೇ ಉಸಿರಾಡಬೇಕು. ನುಣ್ಣನೆಯ ಮಣ್ಣು ಆ ಸಂದಿ ಮುಚ್ಚಿದರೆ ಅಲ್ಲೇ ಸಾಯುತ್ತವೆ. 1 ಮಿ.ಮೀ.ಗಿಂತ ಸಣ್ಣ ಕಣಗಳ ಪಾಲು ಶೇ 15–20 ದಾಟಿದರೆ ಬದುಕುವ ಮರಿಗಳ ಸಂಖ್ಯೆ ಬೇಗ ಇಳಿಯುತ್ತದೆ. ಮಹಶೀರ್ ಗುಂಡಿ ತೋಡುವುದಿಲ್ಲ. ಹರಿಯುವ ನೀರಿನಲ್ಲಿ ಕಲ್ಲಿನ ಮೇಲೆ ಮೊಟ್ಟೆ ಚೆಲ್ಲುತ್ತದೆ, ಅವು ಸಂದಿಗೆ ಇಳಿದು ಕೆಲವೇ ದಿನಗಳಲ್ಲಿ ಒಡೆಯುತ್ತವೆ. ಮರಿಗೆ ಈಜಲು ಬರುವ ತನಕ ಆ ಸಂದಿಯೇ ಅದರ ಮನೆ. ಹೂಳು ಕೂತ ತಳದಲ್ಲಿ ಎರಡೂ ಮೀನುಗಳ ಗತಿ ಒಂದೇ.

ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ. ನೀರು ಕಲ್ಲಿನ ಮೇಲೆ ಸದ್ದು ಮಾಡುತ್ತ ತೆಳ್ಳಗೆ ಹರಿಯುವ ಕಡೆ, ತಳ ಕತ್ತರಿಸಿದ ಎಣ್ಣೆ ಡಬ್ಬಿಯೊಂದನ್ನು ಒತ್ತಿ ನಿಲ್ಲಿಸಿ, ಅದರೊಳಗಿನ ಕಲ್ಲು ಉಸುಕನ್ನು ಒಂದು ಗೇಣು ಆಳದವರೆಗೆ ಬಕೆಟ್ಟಿಗೆ ತೆಗೆಯಬೇಕು. ಡಬ್ಬಿಯೊಳಗಿನ ಕದಡಿದ ನೀರನ್ನೂ ಬಿಡದೆ ತೆಗೆದುಕೊಳ್ಳಬೇಕು. ಡಬ್ಬಿ ಇಲ್ಲದೆ ಸಲಿಕೆಯಿಂದ ಎತ್ತಿದರೆ ಅಳೆಯಬೇಕಾದ ನುಣ್ಣನೆಯ ಮಣ್ಣೇ ಹರಿದುಹೋಗಿ ತಳ ಚೊಕ್ಕಟವಿದೆ ಎಂಬ ತಪ್ಪು ಲೆಕ್ಕ ಬರುತ್ತದೆ. ಆಮೇಲೆ 1 ಮಿ.ಮೀ. ಕಣ್ಣಿನ ಜರಡಿಯಲ್ಲಿ ನೀರು ಸುರಿಯುತ್ತ ತೊಳೆದು, ಕೆಳಗಿನ ನೀರನ್ನು ಒಂದು ರಾತ್ರಿ ಬಿಟ್ಟು, ಎರಡೂ ಪಾಲನ್ನು ಒಣಗಿಸಿ ತೂಗಿದರೆ ಆಯಿತು. ಒಂದೇ ಹಳ್ಳದಲ್ಲಿ ಐದಾರು ಕಡೆ ಹೀಗೆ ನೋಡಿದರೆ ಹೂಳು ಎಲ್ಲಿಂದ ಬರುತ್ತಿದೆ ಎಂಬುದೂ ಗೊತ್ತಾಗುತ್ತದೆ.

ಇನ್ನು ಮಡು. ನಮ್ಮ ನೆಲಕ್ಕೆ ಇದೇ ಎಲ್ಲಕ್ಕಿಂತ ದೊಡ್ಡದು. ಸಾಲ್ಮನ್ ನಾಡಿನ ಹೊಳೆಗಳು ಬಹುಪಾಲು ವರ್ಷವಿಡೀ ಹರಿಯುತ್ತವೆ. ನಮ್ಮ ಹಳ್ಳಗಳು ಫೆಬ್ರುವರಿಯ ಹೊತ್ತಿಗೆ ತುಂಡು ತುಂಡಾಗುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಉಳಿಯುವ ನಾಲ್ಕಾರು ಮಡುಗಳಲ್ಲೇ ಇಡೀ ಹಳ್ಳದ ಮೀನು ಜೀವ ಹಿಡಿದಿರುತ್ತದೆ. ಮುಂಗಾರು ಬಂದಾಗ ಅಲ್ಲಿಂದಲೇ ಹಳ್ಳ ಮತ್ತೆ ತುಂಬಬೇಕು. ಯಂತ್ರ ಇಳಿಯುವುದೂ ಅದೇ ತಿಂಗಳಲ್ಲಿ.

ಮಡುವಿನ ಕೆಳತುದಿಯನ್ನು ಗಮನವಿಟ್ಟು ನೋಡಿ. ಅಲ್ಲಿ ಬಂಡೆಯದೋ, ಬಿಗಿಯಾಗಿ ಕೂತ ಉಂಡೆಗಲ್ಲಿನದೋ ಒಂದು ಅಡ್ಡಗಟ್ಟು ಇರುತ್ತದೆ, ಎತ್ತರ ಒಂದೆರಡು ಅಡಿ ಅಷ್ಟೇ. ನೀರನ್ನು ಹಿಡಿದಿರುವುದು ಅದೇ. ಚಾಲಕನಿಗೆ ಅದು ನೀರಿನ ದಾರಿಗೆ ಅಡ್ಡವಾದ ಕಲ್ಲಾಗಿ ಕಾಣುತ್ತದೆ. ಬಕೆಟ್ಟಿನಿಂದ ಎರಡು ಸಲ ಎಳೆದರೆ ಕಿತ್ತು ಬರುತ್ತದೆ, ಮಡು ಅರ್ಧ ದಿನದಲ್ಲಿ ಬಸಿದುಹೋಗುತ್ತದೆ. ಆಮೇಲೆ ಸಿಮೆಂಟಿನಿಂದ ಕಟ್ಟಿದರೂ ಮೊದಲಿನಂತೆ ಆಗದು, ಏಕೆಂದರೆ ಬುಡದ ಬಿರುಕುಗಳಲ್ಲಿ ನೀರು ಸೋರುತ್ತಲೇ ಇರುತ್ತದೆ. ಆದ್ದರಿಂದ ಯಂತ್ರ ಬರುವ ಮುನ್ನ ಊರಿನ ಅಂಬಿಗರನ್ನೋ ದನ ಮೇಯಿಸುವವರನ್ನೋ ಕರೆದುಕೊಂಡು ಹಳ್ಳದುದ್ದಕ್ಕೂ ನಡೆಯಬೇಕು, ಮಡುವಿಗೂ ಅದರ ಅಡ್ಡಗಟ್ಟಿಗೂ ಸುಣ್ಣದ ಗುರುತು ಹಾಕಬೇಕು. ಮಡುವಿನ ಹೂಳು ತೆಗೆಯಲೇಬೇಕಾದರೆ ನಡುವಿನಿಂದ ಮಾತ್ರ ತೆಗೆಯಲಿ. ಅಡ್ಡಗಟ್ಟಿನಿಂದ ಕನಿಷ್ಠ 3 ಮೀಟರ್ ಬಿಡಲಿ, ಮೀನು ಇರುವ ನೀರನ್ನು ಪಂಪು ಹಚ್ಚಿ ಪೂರ್ತಿ ಖಾಲಿ ಮಾಡದಿರಲಿ.

ಮಡು ಕಳೆದುಕೊಂಡ ಹಳ್ಳಕ್ಕೆ ಹೊಸದಾಗಿ ಮಾಡುವುದಾದರೆ ಅಳತೆ ಇದೆ. ನೀರು ತಾನಾಗಿ ಹರಿದು ಮಾಡಿಕೊಂಡ ಹಳ್ಳಗಳಲ್ಲಿ ಸಾಮಾನ್ಯವಾಗಿ ಅಗಲದ ಐದರಿಂದ ಏಳು ಪಟ್ಟು ದೂರಕ್ಕೊಂದು ಮಡು ಸಿಗುತ್ತದೆ. 6 ಮೀಟರ್ ಅಗಲದ ಹಳ್ಳವಾದರೆ 30ರಿಂದ 42 ಮೀಟರಿಗೊಂದು. ಅದನ್ನು ತಿರುವಿನ ಹೊರಮಗ್ಗುಲಲ್ಲೇ ತೋಡಬೇಕು. ನೇರ ಹರಿವಿನ ನಡುವೆ ತೋಡಿದ ಗುಂಡಿ ಒಂದೇ ಮಳೆಗಾಲಕ್ಕೆ ತುಂಬಿಹೋಗುತ್ತದೆ.

ಅಗಲೀಕರಣದ ಲೆಕ್ಕವೂ ಇದೇ ಧಾಟಿಯದು. ತಳದ ಅಗಲ ಮೂರು ಪಟ್ಟು ಮಾಡಿದರೆ ಅದೇ ನೀರಿನ ಆಳ ಸುಮಾರು ಅರ್ಧಕ್ಕೆ ಇಳಿಯುತ್ತದೆ, ವೇಗವೂ ಕುಗ್ಗುತ್ತದೆ. ವೇಗ ಕುಗ್ಗಿದ ಕಡೆ ಹೂಳು ಕೂರುತ್ತದೆ. ಹೂಳೆತ್ತಲೆಂದು ಅಗಲ ಮಾಡಿದ ಹಳ್ಳ ಮತ್ತೆ ಬೇಗ ಹೂಳು ತುಂಬಿಕೊಳ್ಳುವುದು ಇದಕ್ಕೇ. ತೆಳ್ಳಗೆ ಹರಡಿದ ನೀರು ಬಿಸಿಲಿಗೆ ಕಾಯುತ್ತದೆ, ಕಾದ ನೀರು ಹಿಡಿಯುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿ.ಗ್ರಾಂ., 30 ಡಿಗ್ರಿಯಲ್ಲಿ ಏಳೂವರೆ. ಪ್ರವಾಹಕ್ಕೆ ಅಗಲ ಬೇಕೇ ಬೇಕಿದ್ದರೆ ಮೇಲಿನ ದಂಡೆಯನ್ನು ಮೆಟ್ಟಿಲಾಗಿ ಹಿಂದೆ ಸರಿಸಿ. ತಳದಲ್ಲಿ ಮಾತ್ರ ಅಗಲದ ಮೂರನೇ ಒಂದು ಪಾಲಿನಷ್ಟು, 30–40 ಸೆಂ.ಮೀ. ಹೆಚ್ಚು ಆಳದ, ಅಂಕುಡೊಂಕಾದ ಒಳಗಾಲುವೆ ಉಳಿಯಲಿ. ಬೇಸಿಗೆಯ ನೀರು ಅದರಲ್ಲಿ ಒಟ್ಟಾಗಿ ಹರಿಯುತ್ತದೆ.

ಕುಸಿಯುವ ದಂಡೆಗೆ ನಮ್ಮಲ್ಲಿ ಕಲ್ಲಿನ ಅಡ್ಡಮೋಟು, ಅಂದರೆ ದಂಡೆಯಿಂದ ನೀರಿನೊಳಗೆ ಚಾಚುವ ಗಿಡ್ಡ ಕಲ್ಲುಸಾಲು, ಹಾಕುವುದುಂಟು. ಅದನ್ನು ನೀರು ಹೋಗುವ ದಿಕ್ಕಿಗೆ ಓರೆ ಮಾಡಿ ಹಾಕಿದ್ದು ಹಲವು ಕಡೆ ಕಾಣುತ್ತದೆ. ಕಲ್ಲಿನ ಮೇಲೆ ಉಕ್ಕಿದ ನೀರು ಯಾವಾಗಲೂ ಅದರ ಉದ್ದಕ್ಕೆ ಲಂಬವಾಗಿ ಬೀಳುತ್ತದೆ, ಆದ್ದರಿಂದ ಕೆಳಮುಖದ ಮೋಟು ತಾನು ಕಾಯಬೇಕಾದ ದಂಡೆಗೇ ನೀರನ್ನು ನುಗ್ಗಿಸುತ್ತದೆ. ಮೋಟು ನೀರು ಬರುವ ದಿಕ್ಕಿಗೆ ಮುಖ ಮಾಡಿರಬೇಕು, ದಂಡೆಯೊಂದಿಗೆ 20–30 ಡಿಗ್ರಿ ಕೋನ, ತುದಿ ತಳಮಟ್ಟಕ್ಕೆ ಇಳಿಜಾರು. ಆಗ ನೀರು ನಡುವಿಗೆ ತಿರುಗಿ ಅಲ್ಲೇ ಮಡು ಕೊರೆಯುತ್ತದೆ. ಮೇಲಿನ ಸಾಲಿನ ಕೆಳಗೆ ಇನ್ನೊಂದು ಸಾಲು ಬುನಾದಿ ಕಲ್ಲು ಹೂಳಬೇಕು, ಬುಡವನ್ನು ದಂಡೆಯೊಳಗೆ ಒಂದೆರಡು ಮೀಟರ್ ಸೇರಿಸಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಮೊದಲ ಹೊನಲಿಗೇ ನೀರು ಬುಡ ಸುತ್ತಿ ಹೋಗುತ್ತದೆ. ಆರೆಗನ್ನಿನಂತೆ ಬಿಡಿ ದಿಮ್ಮಿ ಹಾಕುವುದು ಮಾತ್ರ ನಮಗೆ ಬೇಡ. ಅಲ್ಲಿ ಹಳ್ಳದ ಅಗಲದ ಒಂದೂವರೆಯಿಂದ ಎರಡು ಪಟ್ಟು ಉದ್ದದ ಮರ ಸಿಗುತ್ತದೆ, ಅದಕ್ಕೇ ನಿಲ್ಲುತ್ತದೆ. ನಮ್ಮ ಹಳ್ಳಗಳ ದಿಢೀರ್ ಹೊನಲಿನಲ್ಲಿ ಸಣ್ಣ ದಿಮ್ಮಿ ಹೋಗಿ ಬಾಂದಾರದ (ಹಳ್ಳಕ್ಕೆ ಅಡ್ಡ ಕಟ್ಟಿದ ಕಿಂಡಿ ಅಣೆಯ) ಕಿಂಡಿಗೆ, ರಸ್ತೆಯಡಿಯ ಮೋರಿಗೆ ಸಿಕ್ಕಿಕೊಳ್ಳುತ್ತದೆ.

ಇನ್ನು ಮೀನು ಮೇಲೇರುವ ದಾರಿಯ ವಿಷಯ. ರಸ್ತೆಯಡಿ ಪೈಪು ಹಾಕಿದ ಕಡೆ ಪೈಪಿನ ಕೆಳತುದಿಯಲ್ಲಿ ನೆಲ ಕೊರೆದು, ನೀರು ಎರಡು ಮೂರು ಅಡಿ ಮೇಲಿನಿಂದ ಬೀಳುತ್ತಿರುತ್ತದೆ. ಸಾಲ್ಮನ್ ಆದರೆ ಹಾರೀತು, ನಮ್ಮ ಗೇಣುದ್ದದ ಮೀನು ಹಾರಲಾರದು. ವಾಷಿಂಗ್ಟನ್ ರಾಜ್ಯದಲ್ಲಿ ಇಂಥ ಮೋರಿಗಳನ್ನು ಬದಲಿಸಬೇಕೆಂದು 2013ರಲ್ಲಿ ನ್ಯಾಯಾಲಯವೇ ಆದೇಶಿಸಿತು. ಆರೆಗನ್, ಕ್ಯಾಲಿಫೋರ್ನಿಯಾ ರಾಜ್ಯಗಳಲ್ಲಿ ಹರಿಯುವ ಕ್ಲಾಮತ್ ಹೊಳೆಯಿಂದ ನಾಲ್ಕು ಅಣೆಕಟ್ಟು ತೆಗೆಯುವ ಕೆಲಸ 2024ರಲ್ಲಿ ಮುಗಿದ ಕೆಲವೇ ವಾರಗಳಲ್ಲಿ ಸಾಲ್ಮನ್ ಮೇಲ್ಭಾಗ ತಲುಪಿತ್ತು. ನಾವು ಅಣೆಕಟ್ಟು ಒಡೆಯಬೇಕಿಲ್ಲ. ಹೊಸ ಮೋರಿಯನ್ನು ಹಳ್ಳದ ಅಗಲಕ್ಕಿಂತ ಕಿರಿದಾಗಿಸದೆ, ಅದರ ತಳವನ್ನು ಹಳ್ಳದ ತಳಕ್ಕಿಂತ ಕೆಳಗೆ ಹೂತು ಒಳಗೆ ಕಲ್ಲು ತುಂಬಿದರೆ ಸಾಕು. ಕೊಲ್ಹಾಪುರ ಮಾದರಿ ಬಾಂದಾರಗಳ ಹಲಗೆಗಳನ್ನು ಮಳೆಗಾಲದಲ್ಲಿ ತೆಗೆದಿಡುವುದರಿಂದ ಅಲ್ಲಿ ಮೀನಿಗೆ ಕಿಂಡಿ ತೆರೆದಿರುತ್ತದೆ, ಕಷ್ಟ ಇರುವುದು ಕೆಳಗಿನ ಕಾಂಕ್ರೀಟ್ ಹಾಸಿನ ಅಂಚಿನ ಬೀಳಿನಲ್ಲಿ. ಅಲ್ಲಿ 1:20 ಇಳಿಜಾರಿಗೆ ದೊಡ್ಡ ಕಲ್ಲು ಜೋಡಿಸಬೇಕು. 60 ಸೆಂ.ಮೀ. ಬೀಳಿಗೆ 12 ಮೀಟರ್ ಉದ್ದ, 40–60 ಸೆಂ.ಮೀ. ಕಲ್ಲು, ನಡುವೆ ಮೀನು ದಣಿವಾರಿಸಿಕೊಳ್ಳುವಷ್ಟು ಸಂದು. ಸಂದುಗಳಿಗೆ ಸಿಮೆಂಟ್ ಮೆತ್ತಿದರೆ ಅದು ಜಾರುಬಂಡೆಯಾಗುತ್ತದೆ. ಕಿಂಡಿಯೇ ಇಲ್ಲದ ಚೆಕ್ ಡ್ಯಾಂಗಳನ್ನು ಒಂದರ ಮೇಲೊಂದು ಕಟ್ಟುತ್ತ ಹೋಗುವುದನ್ನು ಮಾತ್ರ ನಿಲ್ಲಿಸಲೇಬೇಕು.

ದಂಡೆಯ ತುಟಿಯವರೆಗೆ ಕಬ್ಬು ಹಚ್ಚಿದರೆ ಮಣ್ಣು ಹಳ್ಳಕ್ಕೇ ಬರುತ್ತದೆ. ಐದು ಮೀಟರಾದರೂ ಬಿಟ್ಟು ಹೊಳೆಮತ್ತಿ, ಹುಲಗಲ, ಬಿದಿರು, ನೀರಂಚಿನಲ್ಲಿ ಲಕ್ಕಿ, ಲಾವಂಚ ಹಚ್ಚಬಹುದು. ದನಗಳಿಗೆ ಕಲ್ಲು ಹಾಸಿದ ಒಂದೇ ಇಳಿಜಾರು ಮಾಡಿಕೊಟ್ಟರೆ ಉಳಿದ ದಂಡೆ ತುಳಿತದಿಂದ ಪಾರಾಗುತ್ತದೆ. ಕಾರ್ಖಾನೆಯ ಇಲ್ಲವೇ ಚರಂಡಿಯ ಹೊಲಸು ನೀರು ಬರುವ ಹಳ್ಳದಲ್ಲಿ ಅದನ್ನು ತಡೆಯದೆ ಈ ಯಾವ ಕೆಲಸಕ್ಕೂ ಹಣ ಹಾಕಬಾರದು.

ನಮ್ಮ ಖಾನಾಪುರದಂಥ ಕಡೆಯ ಹಳ್ಳಕ್ಕೆ ಮೇಲೆ ಹೇಳಿದ್ದು ವಿಜಯಪುರ ಸೀಮೆಯ ಡೋಣಿ ಹೊಳೆಗೆ ಹೊಂದದು ಎಂಬುದನ್ನೂ ಹೇಳಬೇಕು. ಡೋಣಿ ಬೆಳೆದರೆ ಓಣೆಲ್ಲಾ ಜೋಳ ಎನ್ನಿಸಿದ ಆ ಎರೆಮಣ್ಣೇ ಅಲ್ಲಿ ಹೊಲ ಬಿಟ್ಟು ಹೊಳೆಗೆ ಇಳಿಯುತ್ತಿದೆ. ಹೊಲದ ಒಡ್ಡು, ಕಲ್ಲಿನ ಕೋಡಿ ಸರಿಪಡಿಸದೆ ಹೊಳೆಯಲ್ಲಿ ಕಲ್ಲು ಜೋಡಿಸಿದರೆ ಅದು ಹೂಳಿನಡಿ ಸೇರುತ್ತದೆ. ಧಾರವಾಡ, ಗದಗ ಸೀಮೆಯ ಬೆಣ್ಣೆಹಳ್ಳಕ್ಕೂ ಇದೇ ಮಾತು.

ಮೀನುಮರಿ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಕಾಟ್ಲಾ, ರೋಹು, ಮೃಗಾಲ್ ಕೆರೆಗೆ ಸರಿ, ಹಳ್ಳಕ್ಕಲ್ಲ. ಮಡುವೇ ಇಲ್ಲದ ಹಳ್ಳಕ್ಕೆ ಯಾವ ಮರಿ ಬಿಟ್ಟರೂ ಬೇಸಿಗೆ ದಾಟದು.

ಈಗ ಗುತ್ತಿಗೆದಾರರಿಗೆ ಬಿಲ್ಲಾಗುವುದು ತೆಗೆದ ಮಣ್ಣಿನ ಘನ ಮೀಟರ್ ಲೆಕ್ಕದಲ್ಲಿ, ಹಾಗಾಗಿ ಉಳಿಸಿದ್ದಕ್ಕೆ ಬೆಲೆಯೇ ಇಲ್ಲ. ಅಂದಾಜುಪಟ್ಟಿಗೆ ಮೂರು ಸಾಲು ಸೇರಿಸಲಿ: ಗುರುತು ಹಾಕಿದ ಮಡುಗಳ ಸಂಖ್ಯೆ ಮತ್ತು ಆಳ, ಅವುಗಳ ಅಡ್ಡಗಟ್ಟಿನ ಫೋಟೊ, ಕೆಲಸ ಮುಗಿದ ಮೇಲಿನ ಅದೇ ಅಳತೆ. ಎರಡನೆಯ ಅಳತೆ ಸೇರದೆ ಕೊನೆಯ ಕಂತು ಬಿಡುಗಡೆಯಾಗಬಾರದು. ಯಂತ್ರಗಳು ಮೇ ತಿಂಗಳ ನಡುವೆಯೇ ಹಳ್ಳ ಬಿಡಬೇಕು, ಕದಡಿದ ಮಣ್ಣು ಮೀನು ಮೊಟ್ಟೆ ಇಡುವ ಹೊತ್ತಿಗೆ ಕಲ್ಲಿನ ಸಂದಿ ಸೇರಬಾರದು.

— ಹಳ್ಳ, ಮೀನುಗಾರಿಕೆ ಕೆಲಸದಲ್ಲಿರುವ ಓದುಗರು, ಖಾನಾಪುರ, ಬೆಳಗಾವಿ ಜಿಲ್ಲೆ