‘ನಾಯಿ ತಾನೇ’ ಅನ್ನದ ಎಲ್ಲರಿಗೂ

ಹೋದ ವಾರ ನಮ್ಮ ಮಗಳಿಗೆ ಒಂದು ವರ್ಷ ತುಂಬಿತು. ಮನೆಯಲ್ಲೇ ಸಣ್ಣದಾಗಿ ಆರತಿ ಎತ್ತಿ, ಪಾಯಸ ಮಾಡಿದೆವು. ಬಂದವರೆಲ್ಲ ಮಗುವನ್ನು ಎತ್ತಿ ಮುದ್ದಾಡಿದರು. ಹೊರಡುವಾಗ ಜಗುಲಿಯ ಮೂಲೆಯ ಕಡೆ ಒಂದು ಸಲ ನೋಡಿ ಹೋದರು. ಅಲ್ಲಿ ಈಗ ಏನೂ ಇಲ್ಲ. ಕೆಂಚಿಯ ಗೋಣಿಚೀಲ ತೆಗೆದು ಐದು ತಿಂಗಳಾಯಿತು. ಆದರೂ ನೋಡಿದರಲ್ಲ, ಅದನ್ನು ಕಂಡಾಗ ಇನ್ನು ತಡ ಮಾಡಬಾರದು, ಇವರಿಗೆಲ್ಲ ಬರೆದು ಹೇಳಲೇಬೇಕು ಅನ್ನಿಸಿತು. ಏಪ್ರಿಲ್‌ನಲ್ಲಿ ಕೆಂಚಿ ಹೋದಾಗ ಯಾರಿಗೂ ಸರಿಯಾಗಿ ಒಂದು ಮಾತು ಹೇಳುವ ತ್ರಾಣವೂ ನನ್ನಲ್ಲಿ ಇರಲಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮದು ಚಿಕ್ಕಮಗಳೂರು ತಾಲ್ಲೂಕು, ಆಲ್ದೂರಿನ ಹತ್ತಿರ ಮೂರೆಕರೆ ಕಾಫಿ ತೋಟ. ಕೆಂಚಿ ನಮ್ಮ ಮನೆಯ ನಾಯಿ. ನಾಟಿ ನಾಯಿ, ಕೆಂಪು ಮೈ, ಎದೆಯ ಮೇಲೆ ಬಿಳಿ ಪಟ್ಟೆ. 2012ರ ಮಳೆಗಾಲದಲ್ಲಿ ಕಣದ ಪಕ್ಕದ ಶೆಡ್ಡಿನಲ್ಲಿ, ಕಾಫಿ ಚೀಲಗಳ ಸಂದಿಯಲ್ಲಿ ನಡುಗುತ್ತಾ ಸಿಕ್ಕಿದ್ದಳಂತೆ. ಆಗ ನಾನು ಈ ಮನೆಗೆ ಬಂದಿರಲಿಲ್ಲ. 2019ರಲ್ಲಿ ಮದುವೆಯಾಗಿ ಬಂದಾಗ ನನಗೆ ನಾಯಿ ಅಂದರೆ ಭಯ. ಹಾಸನದಲ್ಲಿ ಬೆಳೆದವಳು ನಾನು. ಚಿಕ್ಕವಳಿದ್ದಾಗ ಟ್ಯೂಷನ್ ಮುಗಿಸಿ ಬರುವಾಗ ಬೀದಿನಾಯಿಗಳು ಅಟ್ಟಿಸಿಕೊಂಡು ಬಂದಿದ್ದವು. ಕೆಂಚಿಗೆ ಅದು ಹೇಗೆ ತಿಳಿಯಿತೋ. ಮೊದಲ ಒಂದು ತಿಂಗಳು ನನ್ನ ಹತ್ತಿರ ಬರಲೇ ಇಲ್ಲ. ನಾನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋದರೆ ನಾಲ್ಕು ಮಾರು ದೂರದಲ್ಲಿ ಕೂರುತ್ತಿದ್ದಳು. ನಾಲ್ಕು ಮಾರು ಮೂರಾಯಿತು, ಎರಡಾಯಿತು. ಒಂದು ದಿನ ನಾನೇ ಕೈ ಚಾಚಿದೆ. ಈ ಮನೆಯಲ್ಲಿ ನನಗೆ ಮೊದಲು ಸಿಕ್ಕ ಗೆಳತಿ ಅವಳು.

2022ರಲ್ಲಿ ನನಗೆ ಮೂರನೇ ತಿಂಗಳಲ್ಲಿ ಗರ್ಭ ನಿಲ್ಲಲಿಲ್ಲ. ಬಂದವರೆಲ್ಲ, ‘ಇನ್ನೂ ವಯಸ್ಸಿದೆ, ಇನ್ನೊಂದಾಗತ್ತೆ ಬಿಡು’ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಆದರೆ ಕೇಳಿ ಕೇಳಿ ನಾನು ಮಾತೇ ಬಿಟ್ಟೆ. ಕೆಂಚಿ ಕೋಣೆಯ ಬಾಗಿಲಿಗೆ ಅಡ್ಡ ಮಲಗಿರುತ್ತಿದ್ದಳು. ಅವಳನ್ನು ದಾಟದೆ ಹೊರಗೆ ಹೋಗಲು ಆಗುತ್ತಿರಲಿಲ್ಲ, ದಾಟುವಾಗ ಬೆನ್ನು ಮುಟ್ಟದೆ ಇರಲೂ ಆಗುತ್ತಿರಲಿಲ್ಲ. ದಿನಕ್ಕೆ ಹತ್ತು ಸಲ ಆ ಬೆಚ್ಚನೆಯ ಬೆನ್ನು ಮುಟ್ಟಿಕೊಂಡೇ ನಾನು ಎದ್ದು ಓಡಾಡುವ ಹಾಗಾದೆ.

2024ರ ಸೆಪ್ಟೆಂಬರ್‌ನಲ್ಲಿ ಮಗಳು ಹುಟ್ಟಿದಳು. ಬಾಣಂತನ ಹಾಸನದ ತವರಿನಲ್ಲಿ. ನೋಡಲು ಬಂದವರು ಅರ್ಧ ಜನ ಕೇಳಿದ್ದು ಒಂದೇ: ‘ಮನೇಲಿ ನಾಯಿ ಇದೆಯಲ್ಲ, ಏನ್ ಮಾಡ್ತೀರಾ? ಕೂದಲು ಮಗು ಹೊಟ್ಟೆಗೆ ಹೋದ್ರೆ? ಯಾರಿಗಾದ್ರೂ ಕೊಟ್ಬಿಡಿ.’ ನನಗೂ ದಿಗಿಲಾಯಿತು. ಮಗುವಿಗೆ ಒಂದೂವರೆ ತಿಂಗಳ ಲಸಿಕೆ ಹಾಕಿಸಲು ಹೋದಾಗ ಮಕ್ಕಳ ಡಾಕ್ಟರ್ ಹತ್ತಿರ ಅಳುತ್ತಲೇ ಕೇಳಿದೆ. ಅವರು ನಗಲಿಲ್ಲ, ಗದರಲಿಲ್ಲ. ಒಂದು ಚೀಟಿಯಲ್ಲಿ ಬರೆದುಕೊಟ್ಟರು. ನಾಯಿಗೆ ರೇಬೀಸ್ ಲಸಿಕೆ ಪ್ರತಿ ವರ್ಷ ತಪ್ಪಬಾರದು. ಮೂರು ತಿಂಗಳಿಗೊಮ್ಮೆ ಜಂತುಹುಳುವಿನ ಔಷಧಿ ಹಾಕಬೇಕು. ಮಗುವಿನ ಮುಖ, ಕೈ ನೆಕ್ಕಲು ಬಿಡಬಾರದು. ಎಷ್ಟೇ ಸಾಧು ಆಗಿದ್ದರೂ ಮಗು, ನಾಯಿ ಎರಡನ್ನೇ ಬಿಟ್ಟು ಒಂದು ನಿಮಿಷವೂ ಆಚೆ ಹೋಗಬಾರದು. ಇಷ್ಟು ಮಾಡಿದರೆ ಇಬ್ಬರೂ ಒಂದೇ ಮನೆಯಲ್ಲಿ ಇರಬಹುದು ಅಂದರು. ಡಾಕ್ಟ್ರೇ, ಆ ಚೀಟಿ ಇನ್ನೂ ನಮ್ಮ ಬೀರುವಿನಲ್ಲಿದೆ. ಅದನ್ನು ತೋರಿಸಿಯೇ ಎಷ್ಟೋ ಜನರ ಬಾಯಿ ಮುಚ್ಚಿಸಿದೆ. ನಿಮಗೆ ಮೊದಲ ನಮಸ್ಕಾರ.

ನಮ್ಮ ಮಾವನಿಗೆ ಎರಡನೆಯದು. ನಮ್ಮ ಕಡೆ ಚಿರತೆ ಕಾಟದಲ್ಲಿ ತೋಟದ ನಾಯಿಗಳು ಮುಪ್ಪು ಕಾಣುವುದೇ ಅಪರೂಪ. ಕೆಂಚಿ ಹದಿಮೂರರ ಹತ್ತಿರ ಬಂದಿದ್ದಾಳೆ ಅಂದರೆ, ಅಷ್ಟು ವರ್ಷ ಪ್ರತಿ ರಾತ್ರಿ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿದ ಮಾವನಿಂದ. ಮಗು ಸುತ್ತಿದ್ದ ಒಂದು ಹಳೆ ಪಂಚೆ ತುಂಡನ್ನು ಹಾಸನದಿಂದ ತೆಗೆದುಕೊಂಡು ಹೋಗಿ ಅವಳ ಗೋಣಿಯ ಮೇಲೆ ಹಾಸಿದವರೂ ಅವರೇ. ‘ವಾಸನೆ ಗೊತ್ತಾಗ್ಲಿ, ಬಂದಾಗ ಹೊಸಬರು ಅನ್ಕೋಬಾರದು’ ಅಂದರಂತೆ. ಜನವರಿ ಕೊನೆಯಲ್ಲಿ, ಐದನೇ ತಿಂಗಳಿಗೆ, ಮಗುವನ್ನು ಎತ್ತಿಕೊಂಡು ನಾನು ಮನೆಗೆ ಬಂದೆ. ಕೆಂಚಿ ಮೊದಲು ನನ್ನ ಪಾದ ಮೂಸಿದಳು. ಆಮೇಲೆ ಮಗುವಿನ ಪಾದವನ್ನು ಗಾಳಿಯಲ್ಲೇ ಮೂಸಿದಳು. ಹೋಗಿ ತೊಟ್ಟಿಲಿನಿಂದ ನಾಲ್ಕು ಮಾರು ದೂರದಲ್ಲಿ ಕೂತಳು. ಆರು ವರ್ಷದ ಹಿಂದೆ ನನಗೆ ಕೂತ ಹಾಗೇ.

ಆವತ್ತೇ ನನಗೆ ಗೊತ್ತಾಗಿದ್ದು, ಅವಳು ಸೊರಗಿದ್ದಾಳೆ ಅಂತ. ಕಾಫಿ ಕುಯ್ಲಿನ ಸಮಯ. ಮನೆಯವರೆಲ್ಲ ಬೆಳಗ್ಗೆಯಿಂದ ಸಂಜೆವರೆಗೆ ತೋಟ, ಕಣ ಅಂತ ಓಡಾಡುತ್ತಿದ್ದರು. ಅವಳು ಜಾಸ್ತಿ ನೀರು ಕುಡಿಯುತ್ತಿದ್ದಾಳೆ, ರಾತ್ರಿ ಎರಡು ಮೂರು ಸಲ ಹೊರಗೆ ಹೋಗಬೇಕು ಅನ್ನುತ್ತಾಳೆ ಅಂತ ಮಾವ ಗಮನಿಸಿದ್ದರು. ಬಾಣಂತಿಗೆ ಯಾಕೆ ಹೇಳೋದು ಅಂತ ನನ್ನಿಂದ ಮುಚ್ಚಿಟ್ಟಿದ್ದರು. ಒಂದು ಕಡೆ ತೋರಿಸಿದ್ದೂ ಆಗಿತ್ತು. ಅಲ್ಲಿ ರಕ್ತ ಪರೀಕ್ಷೆ ಮಾಡದೆ, ‘ವಯಸ್ಸಾಯ್ತು, ನಾಯಿ ತಾನೇ, ಇದ್ದಷ್ಟು ದಿನ ಇರತ್ತೆ’ ಅಂದು ಕಳಿಸಿದ್ದರು. ನಮ್ಮ ಮನೆಯವರು ಅದನ್ನು ಹೇಳುವಾಗ ಅವರ ದನಿ ನಡುಗಿತು. ನಾನು ಹಾಸನಕ್ಕೆ ಕರೆದುಕೊಂಡು ಹೋಗೋಣ ಅಂದೆ.

ಬೆಳಗ್ಗೆ ಐದೂವರೆಗೆ ಬರುತ್ತೇನೆ ಅಂದಿದ್ದ ಬಾಡಿಗೆ ಕಾರಿನವರು ಬಂದು, ನಾಯಿ ನೋಡಿ, ಹತ್ತಿಸುವುದಿಲ್ಲ ಅಂತ ತಿರುಗಿಸಿಕೊಂಡು ಹೋದರು. ಆಗ ಬಂದವರು ಕೆಳಗಿನ ತೋಟದ ಜೀಪಿನ ಅಣ್ಣ. ಅಣ್ಣನಿಗೂ ಕೆಂಚಿಗೂ ಹಳೇ ಸ್ನೇಹ. ತಿರುವಿನಲ್ಲಿ ಅವರು ಹಾರ್ನ್ ಹೊಡೆದರೆ ಇವಳು ಎಲ್ಲಿದ್ದರೂ ಗೇಟಿಗೆ ಓಡುತ್ತಿದ್ದಳು, ಅವರ ಜೇಬಿನಲ್ಲಿ ಬನ್ ಇದ್ದೇ ಇರುತ್ತಿತ್ತು. ಅಣ್ಣ, ಆವತ್ತು ನಿಮ್ಮ ತೋಟದಲ್ಲಿ ಹದಿನೈದು ಆಳು ಕುಯ್ಲಿಗೆ ಬರುವವರಿದ್ದರು. ಎಲ್ಲ ನಿಮ್ಮ ತಮ್ಮನಿಗೆ ವಹಿಸಿ, ಚಿಕ್ಕಮಗಳೂರು, ಬೇಲೂರು ಮೇಲೆ ಹಾಸನಕ್ಕೆ ಹೋಗಿ ಬಂದಿರಿ. ಡೀಸೆಲ್ ದುಡ್ಡು ಕೊಡಲು ಬಂದರೆ, ‘ಅವಳ್ ದುಡ್ಡು ನಾನ್ ಇಸ್ಕೊಳ್ಳಾ?’ ಅಂದಿರಿ.

ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿದರು. ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಶ್ಮಲ. ನಾಯಿಗಳಲ್ಲಿ ಸುಮಾರು 1.5ರ ಒಳಗಿರಬೇಕಾದ ಅದು 6 ದಾಟಿತ್ತು. ಎರಡೂ ಕಿಡ್ನಿ ಸೋತಿದ್ದವು. ವಾಸಿ ಆಗುವುದಿಲ್ಲ, ನೆಮ್ಮದಿಯಾಗಿ ಇಡಬಹುದು ಅಷ್ಟೇ ಅಂದರು. ನಮ್ಮ ಮನೆಯವರು ತಲೆ ತಗ್ಗಿಸಿ, ‘ನಾವು ನೋಡಬೇಕಿತ್ತು’ ಅಂದರಂತೆ. ಅಲ್ಲಿದ್ದ ಡಾಕ್ಟರಮ್ಮ ಕುರ್ಚಿ ಎಳೆದು ಅವರ ಎದುರು ಕೂತು ಹೇಳಿದರು: ‘ಕಿಡ್ನಿ ಮುಕ್ಕಾಲು ಪಾಲು ಕೆಟ್ಟ ಮೇಲೇನೇ ರಕ್ತದಲ್ಲಿ ಇದು ಏರೋದು. ಅಲ್ಲಿ ತನಕ ನಾಯಿ ತಡ್ಕೊಂಡು ಓಡಾಡ್ಕೊಂಡೇ ಇರತ್ತೆ. ನಿಮ್ಮ ತಪ್ಪು ಅನ್ಕೋಬೇಡಿ.’ ಮೇಡಂ, ನೀವು ಕೊಟ್ಟ ಔಷಧಿಗಿಂತ ಆ ಮಾತು ಜಾಸ್ತಿ ಕೆಲಸ ಮಾಡಿತು. ನಮ್ಮ ಮನೆಯವರು ಆವತ್ತು ರಾತ್ರಿ ವಾರದ ಮೇಲೆ ಮೊದಲ ಸಲ ಊಟ ಸರಿಯಾಗಿ ಮಾಡಿದರು. (ವಯಸ್ಸಾದ ನಾಯಿ ಸಾಕಿರುವವರು ದಯವಿಟ್ಟು ನೀರಿನ ಬಟ್ಟಲು ಗಮನಿಸಿ. ದಿನಾ ತುಂಬಿಸುವುದು ಜಾಸ್ತಿ ಆಗಿದೆ ಅನ್ನಿಸಿದರೆ ಒಂದು ರಕ್ತ ಪರೀಕ್ಷೆ ಮಾಡಿಸಿಬಿಡಿ.)

ಆಮೇಲಿನ ಎರಡೂವರೆ ತಿಂಗಳು ನಮ್ಮ ಮನೆ ಒಂದು ಸಣ್ಣ ಆಸ್ಪತ್ರೆಯ ಹಾಗಿತ್ತು. ದಿನಾ ಕೆಂಚಿಯ ಹೆಗಲ ನಡುವೆ ಚರ್ಮದ ಕೆಳಗೆ 200 ಮಿಲಿ ಡ್ರಿಪ್ ಹಾಕಬೇಕು. ನಮ್ಮೂರಿನ ಪಶು ಆಸ್ಪತ್ರೆಯ ಅಣ್ಣ ಮೂರು ದಿನ ಮನೆಗೇ ಬಂದು ಸೂಜಿ ಹಾಕುವುದನ್ನು ಹೇಳಿಕೊಟ್ಟರು. ಬಾಟಲಿ ಡಬ್ಬ ಚಿಕ್ಕಮಗಳೂರಿನಿಂದ ಬರಬೇಕಿತ್ತು. ಮೆಡಿಕಲ್ ಸ್ಟೋರಿನವರು ಬಸ್ಸಿಗೆ ಹಾಕುತ್ತಿದ್ದರು, ಕಂಡಕ್ಟರ್ ನಮ್ಮ ಗೇಟಿನ ಹತ್ತಿರ ಬಸ್ ನಿಲ್ಲಿಸಿ ಇಳಿಸಿ ಹೋಗುತ್ತಿದ್ದರು. ನಿಲ್ದಾಣ ಅಲ್ಲದ ಕಡೆ ನಿಲ್ಲಿಸಿದ್ದಕ್ಕೆ ಒಬ್ಬ ಪ್ರಯಾಣಿಕರೂ ಗೊಣಗಲಿಲ್ಲವಂತೆ. ನಿಮ್ಮೆಲ್ಲರ ಹೆಸರೂ ನನಗೆ ಗೊತ್ತಿಲ್ಲ.

ತೊಟ್ಟಿಲು ಕಟ್ಟಿದ್ದ ತೊಲೆಯಲ್ಲಿ ಇನ್ನೊಂದು ಕೊಕ್ಕೆ ಇತ್ತು. ಬಾಟಲಿಯನ್ನು ಅದಕ್ಕೇ ನೇತು ಹಾಕುತ್ತಿದ್ದೆವು. ಡ್ರಿಪ್ ತಣ್ಣಗಿದ್ದರೆ ಅವಳು ನಡುಗುತ್ತಾಳೆ ಅಂತ, ಮಗುವಿನ ಸ್ನಾನಕ್ಕೆ ಕಾಯಿಸಿದ ಹಂಡೆ ನೀರನ್ನು ಒಂದು ಚೊಂಬಿಗೆ ತೆಗೆದು ಅದರಲ್ಲಿ ಬಾಟಲಿ ಇಟ್ಟು ಬೆಚ್ಚಗೆ ಮಾಡುತ್ತಿದ್ದರು ನಮ್ಮ ಅತ್ತೆ. ಮೊದಲು ಮಗುವಿಗೆ ಎಣ್ಣೆನೀರು, ಸಾಂಬ್ರಾಣಿ. ಆಮೇಲೆ ಇವಳಿಗೆ ಡ್ರಿಪ್. ಹೆಗಲ ಮೇಲೆ ನೀರು ಡುಬ್ಬದ ಹಾಗೆ ನಿಂತು, ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತಿತ್ತು. ಮಗಳು ತೊಟ್ಟಿಲ ಅಂಚಿನಿಂದ ಬಾಟಲಿಯ ಹನಿ ಬೀಳುವುದನ್ನೇ ನೋಡುತ್ತಿದ್ದಳು.

ಮಾರ್ಚ್‌ನಲ್ಲಿ ಮಗುವಿಗೆ ಆರು ತಿಂಗಳು. ಹೊರನಾಡಿಗೆ ಹೋಗಿ ಅನ್ನಪೂರ್ಣೇಶ್ವರಿ ಸನ್ನಿಧಿಯಲ್ಲಿ ಅನ್ನಪ್ರಾಶನ ಮಾಡಿಸಬೇಕು ಅಂತ ಅತ್ತೆಯ ಹರಕೆ. ಅದೇ ವಾರ ಕೆಂಚಿ ಊಟ ಬಿಟ್ಟಳು. ಹೇಗೆ ಹೇಳುವುದು ಅಂತ ನಾನು ಒದ್ದಾಡುತ್ತಿದ್ದೆ. ಅತ್ತೆಯೇ ಬಂದು, ‘ತಾಯಿ ಎಲ್ಲಿ ಹೋಗ್ತಾಳೆ? ಅಲ್ಲೇ ಇರ್ತಾಳೆ. ಇದು ಹಸ್ಕೊಂಡು ಮಲಗಿರುವಾಗ ನಾವು ಹೋಗಿ ಅನ್ನದ ಪೂಜೆ ಮಾಡೋದು ಸರಿಯಾಗಲ್ಲ’ ಅಂದರು. ದೇವರ ಕೋಣೆಯ ಮುಂದೆ ಮಗುವಿಗೆ ಮೊದಲ ತುತ್ತು ಕೊಟ್ಟೆವು. ಅದೇ ಒಲೆಯ ಮೇಲೆ ಮಾಡಿದ ಗಂಜಿಯನ್ನು ಅತ್ತೆ ಬೆರಳಲ್ಲಿ ಅದ್ದಿ ಕೆಂಚಿಯ ತುಟಿಗೆ ಸವರಿದರು. ನೆಕ್ಕಿದಳು. ಅತ್ತೆ, ನೀವು ಇದನ್ನು ಓದಿಸಿಕೊಂಡು ಕೇಳುತ್ತೀರಿ ಅಂತ ಗೊತ್ತು. ಆವತ್ತು ನಾನು ಸೊಸೆಯಾಗಿ ಅಲ್ಲ, ಮಗಳಾಗಿ ನಿಮ್ಮ ಮುಖ ನೋಡಿದೆ.

ಏಪ್ರಿಲ್‌ನಲ್ಲಿ ಅವಳಿಗೆ ಏಳಲು ಆಗಲಿಲ್ಲ. ಬಾಯೆಲ್ಲ ಹುಣ್ಣು. ನೀರೂ ನಿಲ್ಲುತ್ತಿರಲಿಲ್ಲ. ಡಾಕ್ಟರ್ ಎರಡು ದಾರಿ ಹೇಳಿದರು: ತಾನಾಗಿ ಹೋಗುವ ತನಕ ಕಾಯುವುದು, ಇಲ್ಲವೇ ಇಂಜೆಕ್ಷನ್ ಕೊಟ್ಟು ಕಳಿಸಿಕೊಡುವುದು. ತೀರ್ಮಾನ ನಮಗೆ ಬಿಟ್ಟರು. ಇಂಜೆಕ್ಷನ್‌ಗೆ ಅತ್ತೆ ಒಪ್ಪಲಿಲ್ಲ. ‘ಅನ್ನ ಹಾಕಿದ ಕೈಯಲ್ಲಿ ಇಂಥದ್ದು ಮಾಡಿಸಬಾರದು’ ಅಂದರು. ಆ ರಾತ್ರಿ ಪೂರ್ತಿ ಅವಳ ಪಕ್ಕ ಚಾಪೆ ಹಾಕಿಕೊಂಡು ಕೂತರು. ನಾನು ಮಗುವಿಗೆ ಹಾಲು ಕೊಡಲು ಎದ್ದಾಗಲೆಲ್ಲ ಬಾಗಿಲ ಸಂದಿಯಲ್ಲಿ ಅವರ ಕೈ ಕಾಣುತ್ತಿತ್ತು, ಕೆಂಚಿಯ ತಲೆಯ ಮೇಲೆ. ಬೆಳಗ್ಗೆ ಮಗನನ್ನು ಕರೆದು, ‘ಸಾಕು ಕಣೋ. ನಮಗೋಸ್ಕರ ಇದನ್ನ ಇಟ್ಕೊಳ್ಳೋದು ಬೇಡ. ಡಾಕ್ಟರಿಗೆ ಫೋನ್ ಮಾಡು’ ಅಂದರು.

ಸಂಜೆ ನಾಲ್ಕಕ್ಕೆ ಡಾಕ್ಟರ್ ಬಂದರು. ಹೂಮಳೆ ಬಿದ್ದು ವಾರ ಕಳೆದಿತ್ತು, ತೋಟವೆಲ್ಲ ಬೆಳ್ಳಗೆ ಅರಳಿ ನಿಂತಿತ್ತು. ಕಾಫಿ ಹೂವಿನ ವಾಸನೆ ಜಗುಲಿಯ ತನಕ ಬರುತ್ತಿತ್ತು. ಪಕ್ಕದ ಮನೆಯ ದೊಡ್ಡಮ್ಮ ಯಾರೂ ಕರೆಯದೆ ಬಂದು, ‘ಪಾಪುನ ನಂಗೆ ಕೊಡು. ನೀನು ಅವಳ ಹತ್ರ ಕೂತ್ಕೋ’ ಅಂತ ಮಗುವನ್ನು ಎತ್ತಿಕೊಂಡು ಹೋದರು. ದೊಡ್ಡಮ್ಮ, ಆ ಎರಡು ಗಂಟೆ ನನಗೆ ಬೇರೆ ಯಾರೂ ಕೊಡಲು ಆಗುತ್ತಿರಲಿಲ್ಲ. ಡಾಕ್ಟರ್ ಪ್ರತಿಯೊಂದನ್ನೂ ಮೊದಲೇ ಹೇಳಿ ಹೇಳಿ ಮಾಡಿದರು. ಮೊದಲು ನಿದ್ದೆ ಬರುವ ಇಂಜೆಕ್ಷನ್. ಅವಳು ಪೂರ್ತಿ ಮಲಗಿದ ಮೇಲೆ ನರಕ್ಕೆ ಅರಿವಳಿಕೆಯ ಔಷಧಿ ಜಾಸ್ತಿ ಪ್ರಮಾಣದಲ್ಲಿ. ಕೆಲವೇ ನಿಮಿಷದಲ್ಲಿ ಹೃದಯ ನಿಲ್ಲುತ್ತದೆ, ಕಣ್ಣು ತೆರೆದೇ ಇರಬಹುದು, ಹೆದರಬೇಡಿ ಅಂದರು. ತೆರೆದೇ ಇತ್ತು. ಹೇಳಿರದಿದ್ದರೆ ನಾನು ತಡೆದುಕೊಳ್ಳುತ್ತಿರಲಿಲ್ಲ. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಮಗುವಿಗೆ ಹಾಲು ಕೊಡುವ ಹೊತ್ತು ಮೀರಿ ನನ್ನ ರವಿಕೆ ಒದ್ದೆಯಾಗಿತ್ತು. ಅವಳ ಬೆನ್ನು ಇನ್ನೂ ಬೆಚ್ಚಗೇ ಇತ್ತು.

ತೋಟದ ಕೆಲಸಕ್ಕೆ ಬರುವ ಅಣ್ಣಂದಿರು ಇಬ್ಬರು ದಿನದ ಕೆಲಸ ಮುಗಿಸಿ ಹೊರಟಿದ್ದವರು ವಾಪಸ್ ಬಂದು ಹಲಸಿನ ಮರದ ಬುಡದಲ್ಲಿ ಗುಂಡಿ ತೆಗೆದರು. ಹಂದಿ ಕೆದಕಬಾರದು ಅಂತ ನಾಲ್ಕು ಅಡಿ ಆಳ. ಕೆಳಗೆ ಉಪ್ಪು. ಸಿಕ್ಕಾಗ ಕಾಫಿ ಚೀಲದ ನಡುವೆ ಇದ್ದವಳನ್ನು ಒಂದು ಹೊಸ ಕಾಫಿ ಚೀಲದಲ್ಲೇ ಮಲಗಿಸಿದೆವು. ಮಾವ ಆ ಪಂಚೆ ತುಂಡನ್ನೂ ಜೊತೆಗೆ ಇಟ್ಟರು. ಮೇಲೆ ಕಲ್ಲು ಹೇರಿದ ಮೇಲೆ ಆ ಅಣ್ಣಂದಿರು ಕೂಲಿ ಮುಟ್ಟಲಿಲ್ಲ.

ಮೂರು ದಿನ ನಮ್ಮ ಮನೆಗೆ ಊಟ ಅಕ್ಕಪಕ್ಕದಿಂದ ಬಂತು. ಅಕ್ಕಿರೊಟ್ಟಿ, ಕಾಯಿಚಟ್ನಿ, ಬಾಣಂತಿ ಅಂತ ನನಗೆ ಬೇರೆಯಾಗಿ ಮೆಣಸಿನ ಸಾರು. ಮನುಷ್ಯರು ಹೋದ ಮನೆಗೆ ಕಳಿಸುವ ಹಾಗೇ ಕಳಿಸಿದಿರಿ. ಹಾಸನದಿಂದ ಅಮ್ಮ ಫೋನ್ ಮಾಡಿ, ‘ಅಳು ಬಂದ್ರೆ ಅಳು, ಹಾಲಿಗೆ ಏನೂ ಆಗಲ್ಲ’ ಅಂದಳು. ಒಬ್ಬರೂ ‘ನಾಯಿ ತಾನೇ’ ಅನ್ನಲಿಲ್ಲ. ಒಬ್ಬರೂ ‘ಇನ್ನೊಂದು ಮರಿ ತಂದ್ರಾಯ್ತು’ ಅನ್ನಲಿಲ್ಲ. ಆ ಮಾತು ಎಷ್ಟು ಭಾರ ಅಂತ ನನಗೆ 2022ರಲ್ಲೇ ಗೊತ್ತಾಗಿತ್ತು. ಈ ಸಲ ಅದನ್ನು ನಾನು ಹೊರಬೇಕಾಗಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆದೆ.

ಉಳಿದಿದ್ದ ಡ್ರಿಪ್ ಬಾಟಲಿಗಳನ್ನು ಊರಿನ ಪಶು ಆಸ್ಪತ್ರೆಗೆ ಕೊಟ್ಟಿದ್ದೇವೆ. ಮೇ ತಿಂಗಳಲ್ಲಿ ಹೊರನಾಡಿನ ಹರಕೆಯೂ ತೀರಿತು. ಮಗಳು ಈಗ ಗೋಡೆ ಹಿಡಿದು ನಿಲ್ಲುತ್ತಾಳೆ.

ಕೊನೆಯದಾಗಿ ಜೀಪಿನ ಅಣ್ಣನಿಗೆ ಒಂದು ಮಾತು. ಏಪ್ರಿಲ್‌ನಿಂದ ನೀವು ನಮ್ಮ ತಿರುವಿನಲ್ಲಿ ಹಾರ್ನ್ ಹೊಡೆಯುತ್ತಿಲ್ಲ. ಯಾಕೆ ಅಂತ ನನಗೆ ಗೊತ್ತು. ಹುಟ್ಟುಹಬ್ಬದ ದಿನ ಮರೆತು ಹೊಡೆದಿರಲ್ಲ, ಆಗ ಇವಳು ಆಟ ಬಿಟ್ಟು ಅಂಬೆಗಾಲಿನಲ್ಲಿ ಬಾಗಿಲ ತನಕ ಬಂದಳು. ಹೊಡೀರಿ ಅಣ್ಣ. ನಾವು ಗೇಟ್ ತೆಗೀತೀವಿ.