ಹಡಗಿನ ಹೊಗೆ: ಲಂಡನ್ನಿನ ಮುಂದೂಡಿಕೆ ನಮಗೆ ನೆಪವಾಗದಿರಲಿ

ಮಾನ್ಯ ಸಂಪಾದಕರೇ,

ಸರಕು ಹಡಗುಗಳು ಉಗುಳುವ ಇಂಗಾಲಕ್ಕೆ ಬೆಲೆ ಕಟ್ಟುವ ಜಾಗತಿಕ ನಿಯಮವನ್ನು ವಿಶ್ವಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕಡಲ ಸಂಸ್ಥೆ (ಐಎಂಒ) 2025ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಅಂಗೀಕರಿಸಬೇಕಿತ್ತು. ಅಮೆರಿಕ ಸುಂಕ, ವೀಸಾ ನಿರ್ಬಂಧಗಳ ಬೆದರಿಕೆ ಒಡ್ಡಿತು, ಸೌದಿ ಅರೇಬಿಯಾ ಮುಂದೂಡಿಕೆಯ ಸೂಚನೆ ಮಂಡಿಸಿತು. 57–49 ಮತಗಳಿಂದ ವಿಷಯ ಒಂದು ವರ್ಷ ಮುಂದಕ್ಕೆ ಹೋಯಿತು. ಇದೇ ಕರಡಿಗೆ ಅದೇ ವರ್ಷದ ಏಪ್ರಿಲ್‌ನಲ್ಲಿ ಭಾರತವೂ ಸೇರಿದಂತೆ 63 ದೇಶಗಳು ಒಪ್ಪಿಗೆ ಕೊಟ್ಟಿದ್ದವು ಎಂಬುದನ್ನು ಕರಾವಳಿಯ ಓದುಗರಿಗೆ ನೆನಪಿಸಬೇಕೆನಿಸಿತು.

ನಾನು ಬಹುಕಾಲ ಹಡಗುಗಳ ಎಂಜಿನ್ ರೂಮಿನಲ್ಲಿ ದುಡಿದವನು. ದೊಡ್ಡ ಹಡಗುಗಳು ಉರಿಸುವ ಹೆವಿ ಫ್ಯೂಯಲ್ ಆಯಿಲ್ ಎಂದರೆ ಕಚ್ಚಾ ತೈಲದಿಂದ ಪೆಟ್ರೋಲ್, ಡೀಸೆಲ್ ಎಲ್ಲ ತೆಗೆದ ಮೇಲೆ ತಳದಲ್ಲಿ ಉಳಿಯುವ ಮಡ್ಡಿ. ತಣ್ಣಗಿದ್ದರೆ ಡಾಂಬರಿನಂತೆ ನಿಂತುಬಿಡುವ ಅದನ್ನು ನೂರು ಡಿಗ್ರಿಗೂ ಮೇಲೆ ಕಾಯಿಸಿದ ಹೊರತು ಎಂಜಿನ್ನಿಗೆ ಊಡಿಸಲಾಗದು. ಈ ತೈಲವನ್ನು ಶುದ್ಧೀಕರಿಸುವ ಪ್ಯೂರಿಫೈಯರ್ ಯಂತ್ರ ಬಿಚ್ಚಿ ಗಸಿ ಕೆರೆದ ದಿನ ಎಷ್ಟು ಸೋಪು ಹಚ್ಚಿದರೂ ಊಟದ ಹೊತ್ತಿಗೆ ಕೈಯ ವಾಸನೆ ಹೋಗುತ್ತಿರಲಿಲ್ಲ. ಈ ಇಂಧನದಲ್ಲಿನ ಗಂಧಕದ ಮಿತಿಯನ್ನು 2020ರ ಜನವರಿ 1ರಿಂದ ಶೇ 3.5ರಿಂದ ಶೇ 0.5ಕ್ಕೆ ಇಳಿಸಿದಾಗ, ಉದ್ಯಮ ಮುಳುಗಿಯೇ ಹೋಗುತ್ತದೆ ಎಂದವರು ಬೇಕಷ್ಟಿದ್ದರು. ಏನೂ ಮುಳುಗಲಿಲ್ಲ. ನಿಯಮ ಎಲ್ಲರಿಗೂ ಒಂದೇ ಆಗಿದ್ದರಿಂದ ಯಾರ ಬಾಡಿಗೆಯೂ ಪೈಪೋಟಿಯಲ್ಲಿ ಹಿಂದೆ ಬೀಳಲಿಲ್ಲ.

ಇಂಗಾಲದ ವಿಷಯದಲ್ಲಿ ಕೊರತೆಯಿರುವುದು ಇಂಥ ಸಮಾನ ನಿಯಮಕ್ಕೇ ಹೊರತು ತಂತ್ರಜ್ಞಾನಕ್ಕಲ್ಲ. ಮಡ್ಡಿಗೆ ಪರ್ಯಾಯ ಇಂಧನವಾದ ಮೆಥನಾಲ್‌ನಿಂದಲೂ ಓಡಬಲ್ಲ ಕಂಟೇನರ್ ಹಡಗು 'ಲಾರಾ ಮಾರ್ಸ್ಕ್' 2023ರಲ್ಲೇ ನೀರಿಗಿಳಿದಿದೆ. ಮೆಥನಾಲ್‌ಗೆ ಎರಡು ಪಟ್ಟಿಗಿಂತ ದೊಡ್ಡ ಟ್ಯಾಂಕು ಬೇಕು, ಇನ್ನೊಂದು ಪರ್ಯಾಯವಾದ ಅಮೋನಿಯಾ ಸೋರಿದರೆ ಸಿಬ್ಬಂದಿಯ ಜೀವಕ್ಕೇ ಕುತ್ತು ಎಂಬುದೆಲ್ಲ ನಿಜವೇ. ಆದರೆ ಹಡಗುಮಾಲೀಕ ಕೈಕಟ್ಟಿ ಕೂರುವುದು ಅದಕ್ಕಲ್ಲ, ಪಕ್ಕದವನು ಅಗ್ಗದ ಮಡ್ಡಿ ಉರಿಸುತ್ತಿರುವಾಗ ತಾನೊಬ್ಬನೇ ದುಬಾರಿ ಇಂಧನ ಕೊಂಡು ಕೈಸುಟ್ಟುಕೊಳ್ಳಲಾರದೆ. ಇಂದು ಕಟ್ಟಿದ ಹಡಗು ಇಪ್ಪತ್ತೈದು ವರ್ಷ ಓಡುತ್ತದೆ. 2050ರ ಹೊತ್ತಿಗೆ ಹಡಗುಗಳ ಹೊರಸೂಸುವಿಕೆಯಲ್ಲಿ ನಿವ್ವಳ ಶೂನ್ಯ ತಲುಪುವುದಾಗಿ 2023ರಲ್ಲಿ ಒಪ್ಪಿಕೊಂಡ ದೇಶಗಳೇ ಈಗ ಒಂದು ವರ್ಷ ಕಳೆಯುವುದೆಂದರೆ, ಆ ವರ್ಷ ಕಟ್ಟೆಯಿಂದ ಇಳಿಯುವ ಪ್ರತಿ ಹಡಗೂ 2050ರವರೆಗೆ ನಮ್ಮ ಲೆಕ್ಕದಲ್ಲಿರುತ್ತದೆ.

ಇದು ನಮಗೆ ಬರೀ ಖರ್ಚಿನ ಬಾಬತ್ತೂ ಅಲ್ಲ. ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ನಾರ್ವೆಯ ವಿಲ್ಸನ್ ಕಂಪನಿಗೆ 3,800 ಟನ್ ಸಾಮರ್ಥ್ಯದ ಡೀಸೆಲ್-ಎಲೆಕ್ಟ್ರಿಕ್ ಸರಕು ಹಡಗುಗಳನ್ನು ಕಟ್ಟುವ ಗುತ್ತಿಗೆ ಪಡೆದಿದೆ. ಹೊಗೆಯ ನಿಯಮ ಬಿಗಿಯಾದ ಯುರೋಪಿನ ಕಡಲಲ್ಲಿ ಓಡುವ ಹಡಗುಗಳ ಕೆಲಸ ನಮ್ಮೂರ ವೆಲ್ಡರುಗಳ ಕೈಗೆ ಬಂದಿದೆ. ನಿಯಮ ಜಗತ್ತಿಗೆಲ್ಲ ಹಬ್ಬಿದರೆ ಇಂಥ ಕೆಲಸ ಹೆಚ್ಚೀತೇ ಹೊರತು ಕಡಿಮೆಯಾಗದು. ಆದ್ದರಿಂದ ಮುಂದೂಡಿದ ಸಭೆ ಮತ್ತೆ ಸೇರಿದಾಗ ಏಪ್ರಿಲ್‌ನ ನಿಲುವಿಗೆ ಭಾರತ ಅಂಟಿಕೊಳ್ಳಬೇಕು. ನಮ್ಮ ಸಂಸದರು ಈ ಬಗ್ಗೆ ಬಂದರು ಸಚಿವಾಲಯವನ್ನು ಕೇಳಬೇಕು.

ಲಂಡನ್ನಿಗಾಗಿ ಕಾಯಬೇಕಿಲ್ಲದ ಕೆಲಸವೂ ಒಂದಿದೆ. ಧಕ್ಕೆಗೆ ಹಗ್ಗ ಕಟ್ಟಿದ ಮೇಲೆ ಹಡಗಿನ ಮುಖ್ಯ ಎಂಜಿನ್ ನಿಲ್ಲುತ್ತದೆ, ಆದರೆ ದೀಪ, ಪಂಪು, ಶೀತಲ ಕಂಟೇನರುಗಳಿಗಾಗಿ ಜನರೇಟರುಗಳು ಹಗಲಿರುಳೂ ಉರಿಯುತ್ತಲೇ ಇರುತ್ತವೆ. ದಡದಿಂದ ಕೇಬಲ್ ಎಳೆದು ವಿದ್ಯುತ್ ಕೊಟ್ಟರೆ ಅವನ್ನೂ ಆರಿಸಬಹುದು. ಸ್ವೀಡನ್ನಿನ ಗೋಥೆನ್‌ಬರ್ಗ್ ಬಂದರು 2000ದಲ್ಲೇ ಹೈವೋಲ್ಟೇಜ್ ಸಂಪರ್ಕ ಒದಗಿಸಿತು. ನಮ್ಮ ಕೇಂದ್ರ ಸರ್ಕಾರದ 2023ರ 'ಹರಿತ ಸಾಗರ' ಮಾರ್ಗಸೂಚಿಯಲ್ಲೂ ಇದರ ಪ್ರಸ್ತಾಪವಿದೆ. ಪಣಂಬೂರಿನ ನವ ಮಂಗಳೂರು ಬಂದರಿಗೆ ಬರುವ ದೊಡ್ಡ ಸರಕು ಹಡಗುಗಳಿಗೆ ಈ ಸೌಲಭ್ಯ ಯಾವ ಧಕ್ಕೆಯಲ್ಲಿ, ಯಾವ ವರ್ಷ ಸಿಗುತ್ತದೆ ಎಂಬ ವೇಳಾಪಟ್ಟಿಯನ್ನು ಸಾರ್ವಜನಿಕರ ಮುಂದಿಡಬೇಕು. ಟೆಂಡರ್ ಬರೆಯುವವರಿಗೆ ಒಂದು ಮಾತು: ನಮ್ಮ ಗ್ರಿಡ್ಡಿನ ವಿದ್ಯುತ್ತಿನ ಆವರ್ತನ (ಫ್ರೀಕ್ವೆನ್ಸಿ) 50 ಹರ್ಟ್ಸ್, ಹೆಚ್ಚಿನ ಹಡಗುಗಳದ್ದು 60 ಹರ್ಟ್ಸ್. ಒಂದನ್ನು ಇನ್ನೊಂದಕ್ಕೆ ಬದಲಿಸುವ ಫ್ರೀಕ್ವೆನ್ಸಿ ಕನ್ವರ್ಟರ್ ಇಲ್ಲದೆ ಬರೀ ಪ್ಲಗ್ ಪಾಯಿಂಟ್ ನೆಟ್ಟು ಉದ್ಘಾಟನೆ ಮಾಡಿದರೆ, ಅದಕ್ಕೆ ಕೇಬಲ್ ಸಿಕ್ಕಿಸಲು ಯಾವ ಚೀಫ್ ಎಂಜಿನಿಯರನೂ ಒಪ್ಪುವುದಿಲ್ಲ.

— ನಿವೃತ್ತ ಮರೀನ್ ಎಂಜಿನಿಯರ್, ಸುರತ್ಕಲ್